ಹಾಡು ಕಳಿಸಿದೆ, ಹೆಸರು ಉಳಿಸಲಿಲ್ಲ

ಗೆಳೆಯನ ಹಾಡನ್ನು ನಾಲ್ಕು ಜನಕ್ಕೆ ಮುಟ್ಟಿಸಬೇಕೆಂಬ ಹುಮ್ಮಸ್ಸಿನಲ್ಲಿ ಆ ಹಾಡಿನಿಂದ ಅವನ ಹೆಸರನ್ನೇ ಕಿತ್ತುಹಾಕಿದವನು ನಾನು. ಬೇಕೆಂದು ಮಾಡಿದ್ದಲ್ಲ. ಆದರೆ ಬೇಕೆಂದು ಮಾಡಿದ್ದರೆ ಎಷ್ಟು ನಷ್ಟವಾಗುತ್ತಿತ್ತೋ ಅಷ್ಟೇ ನಷ್ಟ ಅವನಿಗಾಯಿತು. ಇದು 2019ರ ದೀಪಾವಳಿ ಹೊತ್ತಿನ ಮಾತು. ನಮ್ಮ ಗೆಳೆಯರ ಬಳಗ ಮತ್ತು ಆ ಹಾಡಿನವರ ಆಚೆ ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಈಗ ಬರೆಯುತ್ತಿರುವುದು ಮನಸ್ಸು ಹಗುರ ಮಾಡಿಕೊಳ್ಳಲಿಕ್ಕಲ್ಲ. ದಿನಾ ಬೆಳಗಾದರೆ ಫೋನಿನಲ್ಲಿ ಒಬ್ಬರಿಗೊಬ್ಬರು ಹಾಡಿನ ವಿಡಿಯೊ ಕಳಿಸಿಕೊಳ್ಳುವ ಅದೆಷ್ಟೋ ಮಂದಿ ಇದೇ ತಪ್ಪನ್ನು ಇಷ್ಟೇ ಪ್ರೀತಿಯಿಂದ ಮಾಡುತ್ತಿದ್ದಾರೆ. ಅವರಲ್ಲಿ ಕೆಲವರಾದರೂ ಒಂದು ಗಳಿಗೆ ಕೈ ತಡೆದರೆ ಸಾಕು.

ನಾವು ಧಾರವಾಡದಲ್ಲಿ ಓದುವಾಗಿನ ಹಾಸ್ಟೆಲ್ ಗೆಳೆಯರು. ಟಿವಿ ಕೋಣೆಯಲ್ಲಿ ಒಟ್ಟಿಗೆ ಕೂತು ದೂರದರ್ಶನದ ‘ಚಿತ್ರಮಂಜರಿ’ ನೋಡಿದವರು, ಊಟದ ದುಡ್ಡು ಉಳಿಸಿ ಕ್ಯಾಸೆಟ್ ಕೊಂಡವರು. 1978ರಲ್ಲಿ ಬಂದ ‘ನಿತ್ಯೋತ್ಸವ’ ಕ್ಯಾಸೆಟ್ಟು ಭಾವಗೀತೆಗಳಿಗೆ ಮನೆಮನೆಯ ಬಾಗಿಲು ತೆರೆದಿತ್ತು; ನಾವು ಕಾಲೇಜಿಗೆ ಬರುವ ಹೊತ್ತಿಗೆ ಅದರ ಸುಗ್ಗಿ ಇನ್ನೂ ಮುಗಿದಿರಲಿಲ್ಲ. ಹೊಸ ಕ್ಯಾಸೆಟ್ ತಂದವನ ಸುತ್ತ ಎಲ್ಲರೂ ಮುತ್ತಿಕೊಳ್ಳುತ್ತಿದ್ದೆವು. ಟೇಪ್ ರೆಕಾರ್ಡರಿಗೆ ಹಾಕುವ ಮೊದಲೇ ಡಬ್ಬಿಯೊಳಗಿನ ಮಡಿಸಿದ ಕಾಗದ ಕೈಯಿಂದ ಕೈಗೆ ಹೋಗುತ್ತಿತ್ತು. ಕವಿ ಕೆ.ಎಸ್. ನಿಸಾರ್ ಅಹಮದ್, ಸಂಗೀತ ಮೈಸೂರು ಅನಂತಸ್ವಾಮಿ ಎಂದು ನಾವು ಬಾಯಿಪಾಠ ಮಾಡಿದ್ದು ಅಂಥ ಕಾಗದಗಳಿಂದಲೇ. ತಬಲಾ ಯಾರು, ಕೊಳಲು ಯಾರು ಎಂಬುದರ ಮೇಲೆ ರಾತ್ರಿಯೆಲ್ಲ ವಾದ ನಡೆದದ್ದಿದೆ.

ಆಮೇಲೆ ಒಬ್ಬೊಬ್ಬರು ಒಂದೊಂದು ದಿಕ್ಕು ಹಿಡಿದರು. ಒಬ್ಬ ಮಸ್ಕತ್ತಿಗೆ, ಒಬ್ಬ ಪುಣೆಗೆ, ಇಬ್ಬರು ಬೆಂಗಳೂರಿಗೆ. ಒಬ್ಬ ಗದಗ ಸೀಮೆಯ ಹಳ್ಳಿಯೊಂದರಲ್ಲಿ ಹೈಸ್ಕೂಲ್ ಮಾಸ್ತರನಾದ. ನಾನು ಧಾರವಾಡದಲ್ಲೇ ಉಳಿದು ಕಾಲೇಜೊಂದರ ಗ್ರಂಥಪಾಲಕನಾದೆ. ಹಾಡುಗಳ ನಂಟು ಮಾತ್ರ ಬಿಡಲಿಲ್ಲ. ಮೊಬೈಲ್ ಅಂಗಡಿಯವನಿಗೆ ಮೆಮೊರಿ ಕಾರ್ಡ್ ಕೊಟ್ಟು ಹಾಡು ತುಂಬಿಸಿಕೊಂಡು ಬರುವ ಕಾಲವೊಂದಿತ್ತು. ಭೇಟಿಯಾದಾಗ ಬ್ಲೂಟೂತ್ ಹಾಕಿ ಫೋನಿಗೆ ಫೋನು ತಾಗಿಸಿ ಕೂರುತ್ತಿದ್ದೆವು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಎಲ್ಲವೂ ವಾಟ್ಸ್‌ಆ್ಯಪ್‌ಗೆ ಬಂತು. ನಮ್ಮ ಗುಂಪಿನಲ್ಲಿ ಬೆಳಗಿನ ನಮಸ್ಕಾರಕ್ಕೆ ಬದಲು ಯೂಟ್ಯೂಬಿನ ಒಂದು ಹಾಡು ಬೀಳತೊಡಗಿತು.

ಆ ದಿನಗಳ ಸುಖವನ್ನು ಹೇಳದಿದ್ದರೆ ನಾನು ಕೆಡಿಸಿದ್ದು ಏನನ್ನು ಎಂಬುದು ತಿಳಿಯುವುದಿಲ್ಲ. ಒಂದು ದಿನ ಮಸ್ಕತ್ತಿನವನು ಪಾಕಿಸ್ತಾನದ ಕೋಕ್ ಸ್ಟುಡಿಯೊದ 2010ರ ‘ಅಲಿಫ್ ಅಲ್ಲಾ’ ಕಳಿಸಿದ. ಆರಿಫ್ ಲೋಹಾರ್ ಮತ್ತು ಮೀಶಾ ಶಫಿ ಹಾಡಿದ್ದು. ಆರಿಫ್ ಕೈಯಲ್ಲಿ ಉದ್ದನೆಯ ಕಬ್ಬಿಣದ ಚಿಮಟ. ಅದನ್ನು ಅವರು ಬಾರಿಸುವ ರೀತಿ ನೋಡಿ ನಾವು ದಂಗಾದೆವು. ಪುಣೆಯವನು ಲೋಹಾರ್ ಎಂಬ ಹೆಸರು ಹಿಡಿದು ಹುಡುಕಿ, ಆರಿಫ್‌ರ ತಂದೆ ಆಲಂ ಲೋಹಾರ್ ಅವರ ಹಳೆಯ ಧ್ವನಿಮುದ್ರಣಗಳನ್ನು ತಂದು ಹಾಕಿದ. ಅಲ್ಲೂ ಅದೇ ಚಿಮಟ. ನಾನು ಹಾಡಿನ ಮಾತುಗಳ ಹಿಂದೆ ಹೋದೆ. ಮೊದಲ ಸಾಲುಗಳು 17ನೇ ಶತಮಾನದ ಪಂಜಾಬಿ ಸೂಫಿ ಸುಲ್ತಾನ್ ಬಾಹು ಅವರವು ಎಂದು ಗೊತ್ತಾಯಿತು. ಒಂದು ವಿಡಿಯೊದಿಂದ ಮಗ, ಮಗನಿಂದ ಅಪ್ಪ, ಅಲ್ಲಿಂದ ಮುನ್ನೂರು ವರ್ಷ ಹಿಂದಿನ ಕವಿ! ಇಷ್ಟೆಲ್ಲ ಸಾಧ್ಯವಾದದ್ದು ಆ ವಿಡಿಯೊದ ಜೊತೆ ಹಾಡಿದವರ ಹೆಸರುಗಳು ಇದ್ದದ್ದರಿಂದ.

ಇನ್ನೊಮ್ಮೆ ಬೆಂಗಳೂರಿನವನೊಬ್ಬ ಮಲ್ಲಿಕಾರ್ಜುನ ಮನಸೂರರ ಹಳೆಯ ಮುದ್ರಿಕೆ ಕಳಿಸಿದ. ಹಿಂದೆ ಕೂತು ದನಿಗೂಡಿಸುತ್ತಿರುವವರು ಯಾರು ಎಂದು ಮಸ್ಕತ್ತಿನವನು ಕೇಳಿದ. ಮಗ ರಾಜಶೇಖರ ಮನಸೂರರು, ನಮ್ಮ ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು ಎಂದು ನಾನು ಬರೆದೆ. ಮುಂದಿನ ವಾರವಿಡೀ ಗುಂಪಿನಲ್ಲಿ ರಾಜಶೇಖರ ಮನಸೂರರದೇ ಗಾಯನ. ಯೂಟ್ಯೂಬ್ ತಾನಾಗಿ ಮುಂದಿಡುವುದು ಬಹುಮಟ್ಟಿಗೆ ನಾವು ಆಗಲೇ ನೋಡಿದ್ದರ ನೆರೆಹೊರೆಯನ್ನು. ಹೊಸ ದಿಕ್ಕಿಗೆ ಹೊರಳಬೇಕಾದರೆ ನಮ್ಮ ಕೈಯಲ್ಲಿ ಒಂದು ಹೆಸರಿರಬೇಕು. ಇದು ನನಗೆ ಅನುಭವದಿಂದಲೇ ಗೊತ್ತಿತ್ತು, ಗೊತ್ತಿದ್ದೂ ಆ ದೀಪಾವಳಿಯಲ್ಲಿ ಮರೆತೆ.

ಆ ಹಾಡು ಹಾಡಿದ ಮಾಸ್ತರ ಗೆಳೆಯ ಭಜನಿ ಮೇಳದ ಮನೆಯಿಂದ ಬಂದವನು. ತತ್ವಪದ ಅವನಿಗೆ ತಾಯಿಯಿಂದ ಬಂದದ್ದು. ಶಿಶುನಾಳ ಶರೀಫರ ಒಂದು ಪದವನ್ನು ಹೊಸ ಧಾಟಿಯಲ್ಲಿ ಹಾಡಬೇಕು ಎಂಬುದು ಅವನ ಬಹಳ ದಿನಗಳ ಆಸೆ. ಶರೀಫರ ಪದ ಎಂದರೆ ನಮಗೆಲ್ಲ ಕಿವಿಯಲ್ಲಿ ಮೊಳಗುವುದು ಸಿ. ಅಶ್ವತ್ಥರ ದನಿ. ಕ್ಯಾಸೆಟ್ಟುಗಳು ಒಂದು ಕಡೆ, ಟಿ.ಎಸ್. ನಾಗಾಭರಣರ 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಇನ್ನೊಂದು ಕಡೆ ಸೇರಿ ಆ ಧಾಟಿಗಳು ನಾಡಿನ ತುಂಬ ಹಬ್ಬಿದವು. ಅವು ಶರೀಫರ ಕಾಲದಿಂದ ಹಾಗೇ ಬಂದವು ಎಂದು ನಂಬಿದವರು ನನ್ನ ಪರಿಚಯದಲ್ಲೇ ಇದ್ದಾರೆ. ‘ಅಶ್ವತ್ಥರ ಧಾಟಿ ಅಶ್ವತ್ಥರದು. ನಮ್ಮ ಸೀಮಿ ಭಜನಿ ಒಳಗ ಬ್ಯಾರೇನ ಒಂದು ನಡಿಗಿ ಐತಿ, ಅದನ್ನ ಹಿಡೀಬೇಕು’ ಎನ್ನುತ್ತಿದ್ದ ಗೆಳೆಯ.

ಅವನಿಗೆ ಜೊತೆಯಾದವರು ಆ ಊರಿನ ಪೇಟಿ ಮಾಸ್ತರರು. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಎಪ್ಪತ್ತು ದಾಟಿದವರು, ಹರೆಯದಲ್ಲಿ ನಾಟಕ ಕಂಪನಿಗಳ ಜೊತೆ ಊರೂರು ತಿರುಗಿದವರು. ಅವರ ಬೆರಳಿನಿಂದ ಬಂದ ಸ್ವರಕ್ಕೆ ಎಷ್ಟೋ ಮಂದಿ ಕುಣಿದಿದ್ದಾರೆ, ಎಷ್ಟೋ ಮಂದಿ ಅತ್ತಿದ್ದಾರೆ. ಆದರೆ ಒಂದು ಕ್ಯಾಸೆಟ್ಟಿನ ಮೇಲಾಗಲಿ ಒಂದು ಕರಪತ್ರದ ಮೇಲಾಗಲಿ ಅವರ ಹೆಸರು ಅಚ್ಚಾಗಿರಲಿಲ್ಲ. ಇಬ್ಬರೂ ಕೂಡಿ ಆ ಪದಕ್ಕೆ ಧಾಟಿ ಕೂಡಿಸಿದರು. ಮದುವೆ ವಿಡಿಯೊ ಮಾಡುವ ಹುಡುಗನೊಬ್ಬ ಕ್ಯಾಮೆರಾ ತಂದ. ಮಠದ ಪಡಸಾಲೆಯಲ್ಲಿ ಕೂತು ಹಾಡಿದರು. ಗೆಳೆಯನ ಕೈಯಲ್ಲಿ ಏಕತಾರಿ, ಪಕ್ಕದಲ್ಲಿ ದಮ್ಮಡಿ, ತಾಳ, ಹಿಂದೆ ತಬಲಾ. ಕ್ಯಾಮೆರಾ ಮಾತ್ರ ಬಹುಪಾಲು ಪೇಟಿ ಮಾಸ್ತರರ ಮೇಲೇ ಇತ್ತು: ತಿದಿ ಒತ್ತುವ ಎಡಗೈ, ಸ್ವರದ ಮನೆಗಳ ಮೇಲೆ ಓಡುವ ಬಲಗೈ, ಅರೆಮುಚ್ಚಿದ ಕಣ್ಣು.

ವಿಡಿಯೊ ಒಟ್ಟು ಆರು ನಿಮಿಷ. ಹಾಡು ಮುಗಿದ ಮೇಲೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳಲ್ಲಿ ಒಂದೊಂದಾಗಿ ಹೆಸರುಗಳು ಮೂಡುತ್ತಿದ್ದವು. ಪದ, ಧಾಟಿ, ಗಾಯನ, ಪೇಟಿ, ತಬಲಾ, ದಮ್ಮಡಿ, ತಾಳ, ಚಿತ್ರೀಕರಣ. ಯೂಟ್ಯೂಬಿಗೆ ಹಾಕಿದ ದಿನ ಪೇಟಿ ಮಾಸ್ತರರು ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಮ್ಮ ಹೆಸರು ಬಂದಲ್ಲಿ ಚಿತ್ರವನ್ನು ನಿಲ್ಲಿಸು ಎಂದರಂತೆ. ಕನ್ನಡಕ ಹಾಕಿಕೊಂಡು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದರಂತೆ. ಇದನ್ನು ಗೆಳೆಯ ನನಗೆ ಹೇಳಿದ್ದು ನಾನು ಮಾಡುವುದನ್ನೆಲ್ಲ ಮಾಡಿ ಮುಗಿಸಿದ ಮೇಲೆ.

ಗುಂಪಿಗೆ ಅವನು ಕಳಿಸಿದ್ದು ಒಂದು ಲಿಂಕ್. ನಾನು ಅಡುಗೆಮನೆಯಲ್ಲಿ ನಿಂತೇ ಪೂರ್ತಿ ನೋಡಿದೆ, ಮೈ ಜುಮ್ಮೆಂದಿತು. ಇದು ಎಲ್ಲರಿಗೂ ಮುಟ್ಟಬೇಕು ಅನ್ನಿಸಿತು. ಆದರೆ ನಮ್ಮ ಬಂಧುಗಳ ಗುಂಪಿನಲ್ಲಿ ಲಿಂಕ್ ಒತ್ತುವವರು ಕಡಿಮೆ. ಕೆಲವರಿಗೆ ಭಯ, ಕೆಲವರಿಗೆ ಬೇಸರ. ವಿಡಿಯೊವನ್ನೇ ಕಳಿಸಿದರೆ ಬೆರಳು ತಾಗಿಸಿದ ಕೂಡಲೇ ನೋಡುತ್ತಾರೆ ಎಂದುಕೊಂಡೆ. ಯೂಟ್ಯೂಬಿನಿಂದ ವಿಡಿಯೊ ಇಳಿಸುವ ಯಾವುದೋ ಆ್ಯಪ್ ಫೋನಿನಲ್ಲಿತ್ತು. ಹಾಗೆ ಇಳಿಸುವುದು ಯೂಟ್ಯೂಬಿನ ನಿಯಮಕ್ಕೆ ವಿರುದ್ಧ ಎಂಬುದು ಅಂದು ನನ್ನ ತಲೆಗೇ ಬರಲಿಲ್ಲ. ಇಳಿಸಿಕೊಂಡೆ.

ಕಳಿಸಲು ಹೋದರೆ ಹೋಗಲಿಲ್ಲ. ಆಗ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ 16 ಎಂಬಿಗಿಂತ ದೊಡ್ಡದಾದರೆ ಕತ್ತರಿಸಬೇಕಿತ್ತು. ಪರದೆಯ ಮೇಲ್ಭಾಗದಲ್ಲಿ ವಿಡಿಯೊ ಪೂರ್ತಿ ಒಂದು ಪಟ್ಟಿಯಾಗಿ ಕಾಣುತ್ತದೆ, ಎರಡು ತುದಿಗೆ ಎರಡು ಹಿಡಿಕೆ. ಬಲಗಡೆಯ ಹಿಡಿಕೆಯನ್ನು ಹೆಬ್ಬೆರಳಿನಿಂದ ಎಡಕ್ಕೆ ಎಳೆದೆ. ಎಳೆದಂತೆ ಎಂಬಿ ಇಳಿಯುತ್ತ ಬಂತು. 16ಕ್ಕೆ ಬಂದಲ್ಲಿ ಬಿಟ್ಟೆ. ಎಲ್ಲಿಗೆ ಕತ್ತರಿ ಬಿತ್ತು ಎಂದು ತಿರುಗಿ ನೋಡಲಿಲ್ಲ. ಹಾಡಿನ ಮೊದಲ ಭಾಗ ಚೆನ್ನಾಗಿದೆ, ನಡುವೆ ಪೇಟಿ ಅದ್ಭುತವಾಗಿದೆ, ಇಷ್ಟು ಸಾಕು ಎಂದುಕೊಂಡೆ. ಬಂಧುಗಳ ಗುಂಪು, ಕಾಲೇಜಿನ ಸಹೋದ್ಯೋಗಿಗಳ ಗುಂಪು, ನಮ್ಮ ಓಣಿಯ ಗಣೇಶೋತ್ಸವದ ಗುಂಪು, ಹೀಗೆ ಕೈಗೆ ಸಿಕ್ಕ ಗುಂಪಿಗೆಲ್ಲ ಹೋಯಿತು. ಪೇಟಿಯ 30 ಸೆಕೆಂಡಿನ ತುಣುಕನ್ನು ಸ್ಟೇಟಸ್‌ಗೂ ಹಾಕಿದೆ. ಜೊತೆಗೆ ಬರೆದದ್ದು ‘ಕೇಳಲೇಬೇಕಾದ ಹಾಡು’ ಎಂಬ ಎರಡು ಮಾತು.

ಆ ರಾತ್ರಿ ಬಂದ ಉತ್ತರಗಳನ್ನು ನೆನೆದರೆ ಈಗಲೂ ನೋವಾಗುತ್ತದೆ. ‘ಇಂಥಾವು ಎಲ್ಲಿಂದ ಹುಡುಕಿ ತರ್ತೀರಿ ಸರ’, ‘ಕಾಕಾ, ನಿಮ್ಮ ಆಯ್ಕಿ ಅಂದ್ರ ಆಯ್ಕಿ’ ಎಂದು ಹೊಗಳಿಕೆಯ ಸುರಿಮಳೆ. ಎಲ್ಲವೂ ನನಗೆ ಸಲ್ಲುತ್ತಿದ್ದವು. ಹಾಡಿದವನಿಗೆ, ನುಡಿಸಿದವರಿಗೆ ಒಂದೂ ಇಲ್ಲ. ಯಾರೂ ‘ಹಾಡಿದವರು ಯಾರು’ ಎಂದು ಕೇಳಲಿಲ್ಲ, ಕೇಳಲಿಲ್ಲವಲ್ಲ ಎಂದು ನನಗೂ ಅನ್ನಿಸಲಿಲ್ಲ. ಹುಡುಕಿ ತಂದವನೆಂಬ ಹೆಮ್ಮೆಯಲ್ಲಿ ನಾನು ಸುಖವಾಗಿದ್ದೆ. ನನ್ನ ತಪ್ಪಿನ ಬೇರು ಹಿಡಿಕೆಯನ್ನು ಎಳೆದ ಹೆಬ್ಬೆರಳಿನಲ್ಲಿ ಇರಲಿಲ್ಲ, ಈ ಸುಖದಲ್ಲಿತ್ತು.

ಕೆಲವು ದಿನ ಬಿಟ್ಟು ಗೆಳೆಯ ಫೋನ್ ಮಾಡಿದ. ‘ಮಂದಿ ಎಲ್ಲಾ ಹಾಡು ಭಾಳ ಚಲೋ ಐತಿ ಅಂತಾರಲೇ. ಆದ್ರ ಯೂಟ್ಯೂಬಿನ್ಯಾಗ ಎಣಿಕಿ ಮ್ಯಾಲ ಏರವಲ್ದು. ಯಾಕಿರಬೇಕು?’ ನನಗೆ ಥಟ್ಟನೆ ಹೊಳೆಯಲಿಲ್ಲ. ‘ಏರತೈತಿ ತಡಿಯೊ’ ಎಂದೆ.

ಅದೇ ತಿಂಗಳು ಬಾಗಲಕೋಟೆಯ ಸಂಬಂಧಿಕರೊಬ್ಬರಿಂದ ನನಗೊಂದು ವಿಡಿಯೊ ಬಂತು. ಮೇಲೆ ಎರಡು ಬಾಣದ ಗುರುತು, ಹಲವಾರು ಕೈ ದಾಟಿ ಬಂದ ಸಂದೇಶಕ್ಕೆ ವಾಟ್ಸ್‌ಆ್ಯಪ್ ಹಾಕುವಂಥದ್ದು. ತೆರೆದರೆ ಅದೇ ಪಡಸಾಲೆ, ಅದೇ ಪೇಟಿ. ನಾನು ಕಳಿಸಿದ್ದರ ಜೊತೆ ಇಟ್ಟು ನೋಡಿದರೆ, ನಾನು ಕತ್ತರಿಸಿದ ಜಾಗದಲ್ಲೇ ಹಾಡು ಪಟ್ಟನೆ ನಿಂತುಹೋಗುತ್ತಿತ್ತು. ಬೇರೆ ಯಾರೂ ಸರಿಯಾಗಿ ಅಲ್ಲಿಗೇ ಕತ್ತರಿಸಿರಲು ಸಾಧ್ಯವಿರಲಿಲ್ಲ. ಚಿತ್ರದ ಮೂಲೆಯಲ್ಲಿ ಯಾವುದೋ ಅಪರಿಚಿತ ಚಾನೆಲ್ಲಿನ ಮುದ್ರೆ ಕೂತಿತ್ತು. ಕೆಳಗೆ ‘ಹಳ್ಳಿ ಅಜ್ಜನ ಅದ್ಭುತ ಜಾನಪದ’ ಎಂದು ಬರೆದಿತ್ತು. ಯೂಟ್ಯೂಬಿನಲ್ಲಿ ಹುಡುಕಿದೆ. ಅದೇ ತುಣುಕು ಅದೇ ಹೆಸರಿನಲ್ಲಿ ಅಲ್ಲೂ ಇತ್ತು, ಗೆಳೆಯನ ಮೂಲ ವಿಡಿಯೊಗಿಂತ ಎಷ್ಟೋ ಪಟ್ಟು ಹೆಚ್ಚು ಜನ ನೋಡಿದ್ದರು. ನನ್ನ ಕೈ ತಣ್ಣಗಾಯಿತು.

ಆಗ ಕೂತು ಲೆಕ್ಕ ತಿಳಿದುಕೊಂಡೆ. ಮೊದಲೇ ತಿಳಿದುಕೊಳ್ಳಬೇಕಾಗಿದ್ದ ಲೆಕ್ಕ. ಲಿಂಕ್ ಒತ್ತಿ ನೋಡಿದರೆ ಮಾತ್ರ ಅದು ಹಾಡಿದವನ ಚಾನೆಲ್ಲಿನ ಖಾತೆಗೆ ಸೇರುತ್ತದೆ. ವಿಡಿಯೊವನ್ನೇ ಕಳಿಸಿದರೆ ಸಾವಿರ ಜನ ನೋಡಿದರೂ ಅವನ ಪಾಲಿಗೆ ಸೊನ್ನೆ. ಜಾಹೀರಾತಿನ ಆದಾಯದಲ್ಲಿ ಪಾಲು ಬೇಕಾದರೆ ಚಾನೆಲ್ಲಿಗೆ ಕನಿಷ್ಠ 1,000 ಚಂದಾದಾರರು ಇರಬೇಕು, ಹನ್ನೆರಡು ತಿಂಗಳಲ್ಲಿ ಜನ ಒಟ್ಟು 4,000 ಗಂಟೆ ನೋಡಿರಬೇಕು ಎಂದು ಯೂಟ್ಯೂಬ್ 2018ರಲ್ಲಿ ನಿಯಮ ಮಾಡಿತ್ತು. 4,000 ಗಂಟೆ ಎಂದರೆ 2,40,000 ನಿಮಿಷ. ಆರು ನಿಮಿಷದ ಒಂದೇ ಹಾಡಿನಿಂದ ಇದು ಆಗಬೇಕಾದರೆ 40,000 ಸಲ ಅದನ್ನು ಮೊದಲಿನಿಂದ ಕೊನೆಯವರೆಗೆ ನೋಡಿರಬೇಕು. ಹಳ್ಳಿಯ ಮಾಸ್ತರನಿಗೆ ಇದು ಬೆಟ್ಟ. ಆ ಬೆಟ್ಟಕ್ಕೆ ಇಡಬೇಕಿದ್ದ ಮೆಟ್ಟಿಲುಗಳನ್ನು ನಾನೇ ಬೇರೆಯವರ ಅಂಗಳಕ್ಕೆ ಹೊತ್ತು ಹಾಕಿದ್ದೆ. ದುಡ್ಡು ಬಂದರೆ ಹುಬ್ಬಳ್ಳಿಯಲ್ಲಿ ಒಂದು ದಿನ ಸ್ಟುಡಿಯೊ ಹಿಡಿದು ಪೇಟಿ ಮಾಸ್ತರರ ಬಳಿ ಇರುವ ಹಳೆಯ ರಂಗಗೀತೆಗಳ ಧಾಟಿಗಳನ್ನು ಮುದ್ರಿಸಿಡಬೇಕು ಎಂಬುದು ಗೆಳೆಯನ ಯೋಚನೆಯಾಗಿತ್ತು.

ದುಡ್ಡಿಗಿಂತ ದೊಡ್ಡ ಪೆಟ್ಟು ಆಮೇಲೆ ಬಿತ್ತು. ಹತ್ತಿರದ ಊರಿನ ಜಾತ್ರೆಯ ರಸಮಂಜರಿಯಲ್ಲಿ ಆರ್ಕೆಸ್ಟ್ರಾದವರು ಆ ಪದವನ್ನು ಗೆಳೆಯನ ಧಾಟಿಯಲ್ಲೇ ಹಾಡಿ, ಇದು ಪರಂಪರೆಯಿಂದ ಬಂದ ಜಾನಪದ ಧಾಟಿ ಎಂದು ಮೈಕಿನಲ್ಲಿ ಹೇಳಿದರು. ಕಾರ್ಯಕ್ರಮ ಮುಗಿದ ಮೇಲೆ ಗೆಳೆಯ ವೇದಿಕೆಯ ಹಿಂದೆ ಹೋಗಿ, ಧಾಟಿ ನಮ್ಮದು ಎಂದ. ಅವರು ಜಗಳ ಮಾಡಲಿಲ್ಲ, ನಕ್ಕರು. ‘ಇದು ಹಳೇ ಧಾಟಿ ಐತ್ರಿ ಸರ, ವಾಟ್ಸ್‌ಆ್ಯಪ್ನ್ಯಾಗ ಎಲ್ಲಾರ ಹತ್ರ ಐತಿ. ಯಾರ ಹೆಸರೂ ಇಲ್ಲಲ್ರಿ ಅದರಾಗ’ ಎಂದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹೆಸರು ಇಲ್ಲದಂತೆ ಮಾಡಿದವನು ನಾನು.

ಅದನ್ನು ಗೆಳೆಯ ಫೋನಿನಲ್ಲಿ ಹೇಳುವಾಗ ನಾನು ತಡೆದು, ಕತ್ತರಿಸಿ ಹಂಚಿದ್ದು ನಾನೇ ಎಂದು ಒಪ್ಪಿಕೊಂಡೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದೇ ಮಾತು ಕೇಳಿದ: ‘ನೀ ಲೈಬ್ರರಿಯವ. ಬರದವ್ರ ಹೆಸರಿಲ್ಲದ ಒಂದು ಪುಸ್ತಕ ಕಪಾಟಿನ್ಯಾಗ ಇಡ್ತಿಯೇನು?’ ಇಡುವುದಿಲ್ಲ. ಮುಖಪುಟ ಹರಿದ ಪುಸ್ತಕ ಕೈಗೆ ಬಂದರೂ ಬರೆದವರು ಯಾರು ಎಂದು ಹುಡುಕಿ, ದಾಖಲಿಸಿ ಆಮೇಲೇ ಇಡುತ್ತೇನೆ. ಪುಸ್ತಕಕ್ಕೆ ಕೊಟ್ಟ ಮರ್ಯಾದೆಯನ್ನು ಹಾಡಿಗೆ ನಾನು ಕೊಟ್ಟಿರಲಿಲ್ಲ.

ಸರಿಪಡಿಸಲು ಹೊರಟಾಗ ಗೊತ್ತಾಯಿತು, ಹರಡುವುದು ಎಷ್ಟು ಸುಲಭವೋ ಹಿಂತೆಗೆಯುವುದು ಅಷ್ಟೇ ಕಷ್ಟ. ಗುಂಪುಗಳಲ್ಲಿ ಎಲ್ಲರ ಫೋನಿನಿಂದಲೂ ಅಳಿಸುವ ಅವಧಿ ಎಂದೋ ಮುಗಿದಿತ್ತು. ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರ ಸಂದೇಶ ಇನ್ನೊಬ್ಬರಿಗೆ ಬೀಗ ಹಾಕಿದಂತೆ ಹೋಗುತ್ತದೆ, ನಡುವೆ ಯಾರೂ ಓದಲಾಗದು. ಆ ಭದ್ರತೆ ಒಳ್ಳೆಯದೇ. ಆದರೆ ನನ್ನ ತುಣುಕು ಯಾರ್ಯಾರ ಕೈಗೆ ಹೋಗಿದೆ ಎಂದು ಹುಡುಕುವ ದಾರಿಯೂ ಅದರಿಂದಲೇ ಇಲ್ಲ. ಯೂಟ್ಯೂಬಿನಲ್ಲಿ ಕದ್ದ ವಿಡಿಯೊವನ್ನು ತಾನಾಗಿ ಗುರುತಿಸುವ ‘ಕಂಟೆಂಟ್ ಐಡಿ’ ಎಂಬ ವ್ಯವಸ್ಥೆ 2007ರಿಂದಲೂ ಇದೆ. ಅದು ಸಿಗುವುದು ಹೆಚ್ಚಾಗಿ ದೊಡ್ಡ ಸಂಗೀತ ಕಂಪನಿಗಳಿಗೆ, ಸಿನಿಮಾ ಸಂಸ್ಥೆಗಳಿಗೆ. ಒಂದು ಹಾಡು ಹಾಕಿದ ಮಾಸ್ತರನಿಗೆ ಉಳಿದಿರುವುದು ಹಕ್ಕುಸ್ವಾಮ್ಯದ ದೂರಿನ ಅರ್ಜಿ. ಪ್ರತಿಯೊಂದು ನಕಲಿನ ವಿಳಾಸ ಕೊಡಬೇಕು, ತನ್ನ ಪೂರ್ತಿ ಹೆಸರು, ವಿಳಾಸ ಕೊಡಬೇಕು, ಹೇಳಿದ್ದೆಲ್ಲ ನಿಜ ಎಂದು ಕಾನೂನಿನ ಭಾಷೆಯಲ್ಲಿ ಘೋಷಿಸಬೇಕು. ಗೆಳೆಯ ಅಂಜಿದ. ನಾನು ಪಕ್ಕದಲ್ಲಿ ಕೂತು ಸಾಲು ಸಾಲು ಅರ್ಥ ಹೇಳಿದೆ. ದೊಡ್ಡ ನಕಲು ಒಂದು ಇಳಿಯಿತು. ಅಷ್ಟರಲ್ಲಿ ಬೇರೆ ಕಡೆ ಬೇರೆ ಹೆಸರಿನಲ್ಲಿ ಅದೇ ತುಣುಕು ತಲೆಯೆತ್ತಿತ್ತು.

ಕಾನೂನು ಗೆಳೆಯನ ಮತ್ತು ಪೇಟಿ ಮಾಸ್ತರರ ಪರವಾಗಿಯೇ ಇದೆ. ಶರೀಫರು ಬದುಕಿದ್ದು 1819ರಿಂದ 1889ರವರೆಗೆ. ಕವಿ ತೀರಿಕೊಂಡು 60 ವರ್ಷವಾದ ಮೇಲೆ ಅವರ ಬರಹ ಎಲ್ಲರ ಸೊತ್ತು, ಆದ್ದರಿಂದ ಪದವನ್ನು ಯಾರು ಬೇಕಾದರೂ ಹಾಡಬಹುದು. ಆದರೆ ಅದಕ್ಕೆ ಹೊಸದಾಗಿ ಕೂಡಿಸಿದ ಧಾಟಿ ಕೂಡಿಸಿದವರದು. ಹಾಡಿದವರಿಗೂ ನುಡಿಸಿದವರಿಗೂ ತಮ್ಮ ಪ್ರದರ್ಶನದ ಜೊತೆ ತಮ್ಮ ಹೆಸರು ಇರಬೇಕೆಂದು ಕೇಳುವ ಹಕ್ಕನ್ನು 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಮಾಡಿದ ತಿದ್ದುಪಡಿ ಕೊಟ್ಟಿದೆ. ಪೇಟಿ ಮಾಸ್ತರರಂಥವರಿಗೆ ಇಂಥದೊಂದು ಹಕ್ಕು ಇದೆ ಎಂದು ಹೇಳುವವರೇ ಇಲ್ಲ.

ಒಂದು ಭಾನುವಾರ ಪೇಟಿ ಮಾಸ್ತರರ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದರು. ಒಳಗಿನಿಂದ ಚಹಾ ಬಂತು. ನಾನು ಮಾಡಿದ್ದನ್ನೆಲ್ಲ ಹೇಳಿದೆ, 16 ಎಂಬಿ ಎಂದರೇನು ಎಂಬುದನ್ನೂ ವಿವರಿಸಿದೆ. ಅವರು ಫೋನು ಕೊಡು ಎಂದು, ನಾನು ಕತ್ತರಿಸಿದ ತುಣುಕನ್ನು ಪೂರ್ತಿ ನೋಡಿದರು. ಹಾಡು ನಡುವೆ ನಿಂತಾಗ ಅವರ ಬಲಗೈ ಮೊಳಕಾಲಿನ ಮೇಲೆ ಇನ್ನೂ ಎರಡು ಮಾತ್ರೆ ತಾಳ ಹಾಕಿ ಆಮೇಲೆ ನಿಂತಿತು. ‘ಕಡೀ ನುಡಿನ ಹೋಗೇತಲ್ಲೋ ತಮ್ಮಾ’ ಎಂದರು. ‘ಶರೀಫರ ಅಂಕಿತ ಬರೂದ ಅಲ್ಲಿ. ಮೊದಲ ಅವರ ಹೆಸರು ಕಡದಿ, ಆಮ್ಯಾಲ ನಮ್ಮವು. ನಮ್ಮದಿರ್ಲಿ, ಅವರ ಹೆಸರಿಲ್ಲದ ಪದ ಮುಗಿಯೂದ ಹೆಂಗ?’

ಅಲ್ಲಿಯವರೆಗೆ ನನಗೆ ಅದು ಹೊಳೆದೇ ಇರಲಿಲ್ಲ. ನಮ್ಮ ನಾಡಿನ ಪದ ಪರಂಪರೆಯೆಲ್ಲ ಹೆಸರನ್ನು ಕೊನೆಗೇ ಇಟ್ಟುಕೊಂಡು ಬಂದಿದೆ. ಬಸವಣ್ಣನವರಿಗೆ ಕೂಡಲಸಂಗಮದೇವ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ, ಪುರಂದರದಾಸರಿಗೆ ಪುರಂದರವಿಠಲ, ಶರೀಫರಿಗೆ ಶಿಶುನಾಳಧೀಶ. ಬರೆದಿಡದೆ ಬಾಯಿಂದ ಬಾಯಿಗೆ ಹೋದ ಕಾಲದಲ್ಲೂ ಇದು ಯಾರ ನುಡಿ ಎಂದು ತಿಳಿಯುವಂತೆ ಅಂಕಿತ ಕಾವಲಿತ್ತು. ಯಂತ್ರದ ಕಾಲ ಬಂದಾಗಲೂ ಹಾಗೇ ಆಯಿತು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬವರು ಗೌಹರ್ ಜಾನ್ ಅವರ ಗಾಯನವನ್ನು ಗ್ರಾಮಫೋನಿಗೆ ಮುದ್ರಿಸಿಕೊಂಡರು. ಪ್ರತಿ ಹಾಡಿನ ಕೊನೆಗೆ ಗೌಹರ್ ಜಾನ್ ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಹೇಳುತ್ತಿದ್ದರು. ಮೇಣದ ಮೂಲಪ್ರತಿಗಳು ತಟ್ಟೆಯಾಗಿ ಅಚ್ಚಾಗಲು ಜರ್ಮನಿಯ ಹ್ಯಾನೋವರಿಗೆ ಹೋಗುತ್ತಿದ್ದವು. ಅಲ್ಲಿ ಚೀಟಿ ಅಂಟಿಸುವವರಿಗೆ ಹಾಡಿದವರು ಯಾರೆಂದು ತಿಳಿಯಬೇಕಿತ್ತು. ಭಾಷೆ ಬಾರದ ದೂರದ ದೇಶದ ಕೆಲಸಗಾರ ಕೂಡ ಹಾಡಿನ ಕೊನೆಯವರೆಗೆ ಕೇಳಿ ಹೆಸರು ಬರೆದುಕೊಂಡ. ಅದೇ ಭಾಷೆಯ, ಅದೇ ಸೀಮೆಯ, ಹಾಡಿದವನ ಗೆಳೆಯನಾದ ನಾನು ಕೊನೆಯನ್ನೇ ಕತ್ತರಿಸಿದೆ.

ಅಂದಿನಿಂದ ನಾನು ಹಾಡು ಕಳಿಸುವ ರೀತಿ ಬದಲಾಯಿತು. ವಿಡಿಯೊ ಕಳಿಸುವುದಿಲ್ಲ, ಮೂಲ ಚಾನೆಲ್ಲಿನ ಲಿಂಕ್ ಕಳಿಸುತ್ತೇನೆ. ಅದು ಮೂಲವೇ ಹೌದೇ ಎಂದು ಮೊದಲು ನೋಡುತ್ತೇನೆ. ವಿವರಣೆಯ ಜಾಗದಲ್ಲಿ ಕಲಾವಿದರ ಹೆಸರುಗಳಿವೆಯೇ, ಅದೇ ಚಾನೆಲ್ಲಿನಲ್ಲಿ ಅದೇ ಕಲಾವಿದರ ಬೇರೆ ಹಾಡುಗಳಿವೆಯೇ, ಮೂಲೆಯಲ್ಲಿ ಬೇರೆಯವರ ಮುದ್ರೆಯೇನಾದರೂ ಕೂತಿದೆಯೇ ಎಂಬುದನ್ನು ನೋಡಿದರೆ ಸಾಮಾನ್ಯವಾಗಿ ತಿಳಿದುಬಿಡುತ್ತದೆ. ಲಿಂಕಿನ ಕೆಳಗೆ ಹಾಡಿದವರು, ನುಡಿಸಿದವರು, ಬರೆದವರ ಹೆಸರನ್ನು ಕನ್ನಡದಲ್ಲಿ ಬರೆಯುತ್ತೇನೆ. ಇದನ್ನೇ ಇವರಿಗೇ ಏಕೆ ಕಳಿಸುತ್ತಿದ್ದೇನೆ ಎಂದು ಒಂದು ಸಾಲು ಸೇರಿಸುತ್ತೇನೆ. ಲಿಂಕ್ ಒತ್ತಲು ಅಂಜುವ ನಮ್ಮ ಅತ್ತೆಗೆ, ದೊಡ್ಡಪ್ಪನಿಗೆ ಪಕ್ಕದಲ್ಲಿ ಕೂತು ಒತ್ತುವುದನ್ನು ಕಲಿಸಿದೆ. ಈಗ ಅವರೇ ‘ಈ ಹುಡುಗಿ ಮತ್ತೇನು ಹಾಡ್ಯಾಳ ನೋಡೋಣ’ ಎಂದು ಮುಂದಿನದಕ್ಕೆ ಹೋಗುತ್ತಾರೆ. ಹೀಗೆ ಮಾಡಿದಾಗ ನಾನು ಕಳಿಸುವ ಹಾಡುಗಳು ಕಡಿಮೆಯಾದವು. ಬರುವ ಉತ್ತರಗಳಲ್ಲಿ ನನ್ನ ಹೊಗಳಿಕೆಯೂ ಕಡಿಮೆಯಾಯಿತು. ಅದರ ಬದಲು ‘ಇವರ ಇನ್ನೊಂದು ಹಾಡು ಸಿಕ್ತು ನೋಡು’ ಎಂದು ಜನ ನನಗೇ ಕಳಿಸತೊಡಗಿದರು.

ಗೆಳೆಯ ಮುನಿಸು ಬಿಡಲು ಸಮಯ ಹಿಡಿಯಿತು. ಬಿಟ್ಟ ಮೇಲೆ ಎರಡನೆಯ ಪದ ಹಾಕಿದ. ಈ ಸಲ ಹೆಸರುಗಳು ಹಾಡಿನ ಮೊದಲಿಗೇ ಬಂದವು. ಅಕ್ಷರ ಓದದವರಿಗೂ ತಿಳಿಯಲೆಂದು ಪೇಟಿ ಮಾಸ್ತರರ ಮೊಮ್ಮಗ ಪಡಸಾಲೆಯಲ್ಲಿ ನಿಂತು ಎಲ್ಲರ ಹೆಸರನ್ನೂ ಗಟ್ಟಿಯಾಗಿ ಹೇಳಿದ. ಹಾಡು ಹಾಕುವವರೆಲ್ಲ ಹೀಗೆ ಮಾಡಿದರೆ ನನ್ನಂಥವರ ಕತ್ತರಿಯಿಂದ ಹೆಸರುಗಳಾದರೂ ಉಳಿಯುತ್ತವೆ.

ನಾನು ಕತ್ತರಿಸಿದ ಆ ಹಳೆಯ ತುಣುಕು ಇನ್ನೂ ಓಡಾಡುತ್ತಿದೆ. ಹಬ್ಬಹರಿದಿನ ಬಂದರೆ ಯಾರಾದರೊಬ್ಬರು ನನಗೇ ಕಳಿಸುತ್ತಾರೆ. ಕಳಿಸಿದವರಿಗೆಲ್ಲ ಪೂರ್ತಿ ಹಾಡಿನ ಲಿಂಕು, ಎಲ್ಲರ ಹೆಸರು ಬರೆದು ಉತ್ತರ ಹಾಕುತ್ತೇನೆ. ಬಹಳ ಮಂದಿ ಸುಮ್ಮನಾಗುತ್ತಾರೆ. ಕೆಲವರು ಪೂರ್ತಿ ಕೇಳಿ, ಮಾಸ್ತರರ ಊರು ಯಾವುದು ಎಂದು ವಿಚಾರಿಸುತ್ತಾರೆ. ಈ ಕೆಲಸ ನನ್ನ ಪಾಲಿಗೆ ಬಂದದ್ದು, ಬಿಡುವಂತಿಲ್ಲ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಇವತ್ತು ಒಂದು ಹಾಡು ನಿಮಗೆ ಹಿಡಿಸಿ ಗೆಳೆಯರಿಗೆ ಕಳಿಸಬೇಕೆನ್ನಿಸಿದರೆ, ಕೊನೆಯವರೆಗೆ ಕೇಳಿ. ಹಾಡಿದವರ ಹೆಸರನ್ನು ಜೊತೆಗೆ ಬರೆಯಿರಿ. ಗೊತ್ತಿಲ್ಲದಿದ್ದರೆ ಐದು ನಿಮಿಷ ಹುಡುಕಿ. ಆಗಲೂ ಸಿಗದಿದ್ದರೆ ‘ಹೆಸರು ಗೊತ್ತಾಗಲಿಲ್ಲ, ತಿಳಿದವರು ದಯವಿಟ್ಟು ಹೇಳಿ’ ಎಂದಾದರೂ ಬರೆಯಿರಿ. ಆ ಒಂದು ಸಾಲಿದ್ದರೆ, ಹಾಡು ಯಾರ ಕೈಗೆ ಹೋದರೂ ಇದಕ್ಕೊಬ್ಬ ಒಡೆಯನಿದ್ದಾನೆ, ಅವನನ್ನು ಹುಡುಕಬೇಕು ಎಂಬ ಮಾತು ಅದರ ಜೊತೆಗೇ ಹೋಗುತ್ತದೆ.